ಒಂದು ಕಿವಿ ಬಸ್ಸಿಗೆ, ಒಂದು ಕಿವಿ ಮಾತಿಗೆ

ಮನೆಯಿಂದ ಸೀತಾಂಗೋಳಿಗೆ ನಡಿಗೆ, ಅಲ್ಲಿಂದ ಕುಂಬಳೆಗೆ ಒಂದು ಬಸ್ಸು, ಕುಂಬಳೆಯಿಂದ ಮಂಗಳೂರಿಗೆ ಇನ್ನೊಂದು. ಕಂಕನಾಡಿಯ ಹತ್ತಿರದ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹದಿಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ನಾನು ನಡುವೆ ಹತ್ತುವವಳಾದ್ದರಿಂದ ದೂರ ಅದಕ್ಕಿಂತ ಕಡಿಮೆ. ಆದರೆ ಬಸ್ಸು ಬದಲಿಸುವುದು, ಕಾಯುವುದು, ತೊಕ್ಕೊಟ್ಟಿನ ದಟ್ಟಣೆ, ನೇತ್ರಾವತಿ ಸೇತುವೆಯ ಮೇಲಿನ ವಾಹನಗಳ ಸಾಲು, ಎಲ್ಲ ಸೇರಿದರೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಹೆದ್ದಾರಿಯನ್ನು ಅಗೆದು ಹಾಕಿದ್ದ ವರ್ಷಗಳಲ್ಲಿ ಅದಕ್ಕೂ ಹೆಚ್ಚು.

ದಿನದ ಈ ನಾಲ್ಕು ಗಂಟೆ ನನ್ನ ಬದುಕಿನಲ್ಲಿ ಬೇರೆಲ್ಲೂ ಸಿಗದ ಸಮಯ. ಮನೆಯಲ್ಲಿ ಅಡುಗೆ, ಅಮ್ಮನ ಮಾತ್ರೆ, ಮಗನ ಪಾಠ ಇವೆ. ಕಚೇರಿಯಲ್ಲಿ ಬೇರೆಯವರ ಲೆಕ್ಕ ಇದೆ. ಬಸ್ಸಿನಲ್ಲಿ ಮಾತ್ರ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಟಿಕೆಟ್ ಒಂದನ್ನು ಬಿಟ್ಟರೆ. ಆ ಹೊತ್ತನ್ನು ಏನು ಮಾಡಬೇಕೆಂದು ತಿಳಿಯಲು ನನಗೆ ಕೆಲವು ವರ್ಷಗಳೇ ಹಿಡಿದವು. ಮೊದಮೊದಲು ಹಾಡು ಕೇಳುತ್ತಿದ್ದೆ. ಓದಲು ನೋಡಿದರೆ ಬಂದ್ಯೋಡು ದಾಟುವಷ್ಟರಲ್ಲಿ ತಲೆ ಸುತ್ತುತ್ತಿತ್ತು. ಆಮೇಲೆ ಮೊಬೈಲಿನಲ್ಲೇ ಆಕಾಶವಾಣಿ ಮಂಗಳೂರನ್ನು ಹಿಡಿದೆ. ಅದು ಇಂದಿಗೂ ನನಗೆ ಪ್ರಿಯ. ಆದರೆ ರೇಡಿಯೋ ನನ್ನ ಬಸ್ಸಿನ ವೇಳಾಪಟ್ಟಿ ನೋಡಿ ಕಾರ್ಯಕ್ರಮ ಮಾಡುವುದಿಲ್ಲ. ಒಳ್ಳೆಯ ಮಾತುಕತೆ ಬರುವ ಹೊತ್ತಿಗೆ ನಾನು ಕಚೇರಿಯ ಮೆಟ್ಟಿಲು ಹತ್ತುತ್ತಿರುತ್ತೇನೆ. ಹಾಗೆ ಪಾಡ್‌ಕಾಸ್ಟ್ ನನ್ನ ಕೈಗೆ ಬಂತು.

ಈ ಹೆಸರು ಹುಟ್ಟಿದ್ದು 2004ರಲ್ಲಿ. ಬೆನ್ ಹ್ಯಾಮರ್ಸ್‌ಲಿ ಎಂಬ ಪತ್ರಕರ್ತ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯ ಬರಹವೊಂದರಲ್ಲಿ, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಬೇಕಾದಾಗ ಕೇಳುವ ಧ್ವನಿ ಕಾರ್ಯಕ್ರಮಗಳನ್ನು ಏನೆಂದು ಕರೆಯೋಣ ಎಂದು ಯೋಚಿಸುತ್ತಾ ಕೊಟ್ಟ ಹೆಸರುಗಳಲ್ಲಿ ಇದೂ ಒಂದು. ಐಪಾಡ್ ಎಂಬ ಸಾಧನದ ‘ಪಾಡ್’, ಪ್ರಸಾರಕ್ಕೆ ಹೇಳುವ ‘ಬ್ರಾಡ್‌ಕಾಸ್ಟ್’ನ ‘ಕಾಸ್ಟ್’. ಮರುವರ್ಷ ಆಪಲ್ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟ ಮೇಲೆ ಹೆಸರು ಗಟ್ಟಿಯಾಯಿತು. ಐಪಾಡ್ ತಯಾರಿಕೆ 2022ರಲ್ಲಿ ನಿಂತೇಹೋಯಿತು, ಹೆಸರು ಮಾತ್ರ ಉಳಿದಿದೆ. ಮಂಗಳೂರಿನ ಪಂಪ್‌ವೆಲ್‌ನಲ್ಲಿ ಇಳಿಯುವ ನಾವು ಯಾರೂ ಬಾವಿಯನ್ನು ಹುಡುಕುವುದಿಲ್ಲವಲ್ಲ, ಹಾಗೆಯೇ ಇದು.

ನಾನು ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ. ಹೆಂಗಸರ ಸೀಟು ಮುಂದೆ, ಕಿಟಕಿಯ ಬದಿ ಸಿಕ್ಕರೆ ಆ ಕಡೆಯ ಕಿವಿಗೆ. ಇನ್ನೊಂದು ಕಿವಿ ಬಸ್ಸಿನದು. ಸುರಕ್ಷತೆಗೆ ಅದು ಬೇಕು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಈ ದಾರಿಯ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಕುಂಬಳೆಯಲ್ಲಿ ಮಲಯಾಳ, ತುಳು ಮತ್ತು ಕನ್ನಡ ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿರುತ್ತವೆ. ಉಪ್ಪಳದಲ್ಲಿ ಉರ್ದು ಮಾತಾಡುವ ಮನೆಗಳವರು ಹತ್ತುತ್ತಾರೆ, ಬ್ಯಾರಿ ಮಾತಾಡುವವರೂ ಹತ್ತುತ್ತಾರೆ. ಮಂಜೇಶ್ವರದಲ್ಲಿ ಕೊಂಕಣಿ ಸೇರಿಕೊಳ್ಳುತ್ತದೆ. ತಲಪಾಡಿ ದಾಟಿದ ಮೇಲೆ ಕನ್ನಡದ ಫಲಕಗಳು ಒಮ್ಮೆಲೇ ಹೆಚ್ಚುತ್ತವೆ, ಬಸ್ಸಿನೊಳಗಿನ ಮಾತು ಮಾತ್ರ ಬದಲಾಗುವುದಿಲ್ಲ. ರಾಜ್ಯದ ಗಡಿ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳಿಸುವುದಿಲ್ಲ. ಸಪ್ತಭಾಷಾ ಸಂಗಮಭೂಮಿ ಎಂದು ಸಭೆಗಳಲ್ಲಿ ನಮ್ಮ ಜಿಲ್ಲೆಯನ್ನು ಹೊಗಳುವವರು ಒಮ್ಮೆ ಬೆಳಗಿನ ಈ ಬಸ್ಸಿನಲ್ಲಿ ನಿಂತು ಬರಬೇಕು.

ಈಗ ನನಗೆ ಇಷ್ಟವಾದ ಪಾಡ್‌ಕಾಸ್ಟ್‌ಗಳ ಮಾತು. ಹತ್ತಾರನ್ನು ಕೇಳಿ ಬಿಟ್ಟಿದ್ದೇನೆ, ಕೆಲವು ಉಳಿದುಕೊಂಡಿವೆ.

ಮೊದಲು ಉಳಿದುಕೊಂಡದ್ದು ಮೈಕ್ ಡಂಕನ್ ಎಂಬ ಅಮೆರಿಕನ್ ಮಾಡಿದ ‘ದಿ ಹಿಸ್ಟರಿ ಆಫ್ ರೋಮ್’. 2007ರಿಂದ 2012ರವರೆಗೆ ಒಬ್ಬನೇ ಕುಳಿತು, ರೋಮ್ ನಗರದ ಹುಟ್ಟಿನ ಕತೆಯಿಂದ ಪಶ್ಚಿಮದ ಸಾಮ್ರಾಜ್ಯ ಬಿದ್ದುಹೋದ ತನಕ ಕಂತು ಕಂತಾಗಿ ಹೇಳಿದ. ಶುರು ಮಾಡಿದಾಗ ಅವನು ಮೀನಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದನಂತೆ, ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ. ಹಿನ್ನೆಲೆ ಸಂಗೀತವಿಲ್ಲ, ಅಬ್ಬರವಿಲ್ಲ. ಮೊದಲ ಕಂತುಗಳಲ್ಲಿ ಧ್ವನಿ ಸ್ವಲ್ಪ ತಡವರಿಸುತ್ತದೆ. ನೂರನೆಯ ಕಂತು ಬರುವಾಗ ಅದೇ ಮನುಷ್ಯ ತನ್ನ ಮಾತಿನ ಹದವನ್ನು ಕಂಡುಕೊಂಡಿರುವುದು ತಿಳಿಯುತ್ತದೆ. ಒಬ್ಬರು ಕಲಿಯುತ್ತಾ ಹೋಗುವುದನ್ನು ಕಿವಿಯಿಂದಲೇ ಹಿಂಬಾಲಿಸುವ ಸುಖ ನನಗೆ ಮೊದಲು ಸಿಕ್ಕಿದ್ದು ಅಲ್ಲಿ.

ಆ ಕಂತುಗಳನ್ನು ಕೇಳುತ್ತಾ ಮಂಜೇಶ್ವರವನ್ನು ದಾಟುವಾಗ ನನಗೆ ಗೋವಿಂದ ಪೈಗಳ ನೆನಪಾಗುತ್ತಿತ್ತು. ರಾಷ್ಟ್ರಕವಿ ಎಂದು ಎಲ್ಲರೂ ಬಲ್ಲರು, ಅವರು ದೊಡ್ಡ ಸಂಶೋಧಕರೂ ಹೌದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ ಪಪೈರಸ್ ಹಾಳೆಗಳ ರಾಶಿಯಲ್ಲಿ ಎರಡನೆಯ ಶತಮಾನದ ಗ್ರೀಕ್ ಪ್ರಹಸನವೊಂದಿದೆ. ಕರಿಷನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯಲ್ಲಿ ಸೆರೆಯಾಗಿರುತ್ತಾಳೆ, ಅಣ್ಣ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಅದರಲ್ಲಿ ಇಲ್ಲಿನವರ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳು ಬರುತ್ತವೆ. ಅದು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ ಹೇಳಿದರು, ಶಾಮಶಾಸ್ತ್ರಿಗಳು ಅದರ ಬೆನ್ನು ಹತ್ತಿದರು, ಗೋವಿಂದ ಪೈಗಳೂ ಈ ಚರ್ಚೆಯಲ್ಲಿ ಬರೆದರು. ಕನ್ನಡವಲ್ಲ, ತುಳು ಎಂದವರೂ ಇದ್ದಾರೆ. ಎರಡೂ ಅಲ್ಲ ಎಂದವರೂ ಇದ್ದಾರೆ. ಚರ್ಚೆ ಮುಗಿದಿಲ್ಲ. ರೋಮಿನ ಆಳ್ವಿಕೆಯಲ್ಲಿದ್ದ ಊರೊಂದರ ನಾಟಕದಲ್ಲಿ ನಮ್ಮ ಕಡಲತಡಿಯ ಯಾರೋ ಮಾತಾಡುತ್ತಿದ್ದಾರೆ, ಆ ಮಾತು ಏನೆಂದು ಖಚಿತವಾಗಿ ಹೇಳಲಾಗದೆ ಜನ ನೂರಕ್ಕೂ ಹೆಚ್ಚು ವರ್ಷಗಳಿಂದ ಕಿವಿಗೊಟ್ಟು ಕುಳಿತಿದ್ದಾರೆ. ಅಮೆರಿಕನ್ನನ ಧ್ವನಿಯಲ್ಲಿ ರೋಮಿನ ಕತೆ ಕೇಳುತ್ತಾ, ಇನ್ನೊಂದು ಕಿವಿಯಲ್ಲಿ ಹಿಂದಿನ ಸೀಟಿನ ತುಳು ಕೇಳುತ್ತಾ ನಾನು ಮಂಜೇಶ್ವರದ ಹೊಳೆ ದಾಟಿದ ಆ ಬೆಳಗುಗಳನ್ನು ಮರೆಯಲಾರೆ.

ಎರಡನೆಯದು ಬಿಬಿಸಿಯ ‘ಇನ್ ಅವರ್ ಟೈಮ್’. ಇದು 1998ರಿಂದ ರೇಡಿಯೋದಲ್ಲಿ ಬರುತ್ತಿರುವ ಕಾರ್ಯಕ್ರಮ, ಪಾಡ್‌ಕಾಸ್ಟ್ ಆಗಿಯೂ ಸಿಗುತ್ತದೆ. ಒಂದು ವಿಷಯ, ಅದನ್ನು ಬಲ್ಲ ಮೂವರು ವಿದ್ವಾಂಸರು, ಮುಕ್ಕಾಲು ಗಂಟೆ. ಒಂದು ವಾರ ಜೇನುಹುಳ, ಮುಂದಿನ ವಾರ ಯಾವುದೋ ಮಧ್ಯಯುಗದ ದೊರೆ, ಅದರ ಮುಂದಿನ ವಾರ ಗಣಿತದ ಒಂದು ಒಗಟು. ಸುಮಾರು 27 ವರ್ಷ ಅದನ್ನು ನಡೆಸಿದ ಮೆಲ್ವಿನ್ ಬ್ರ್ಯಾಗ್ 2025ರಲ್ಲಿ ಆ ಕುರ್ಚಿ ಬಿಟ್ಟರು. ಅವರ ಪ್ರಶ್ನೆ ಕೇಳುವ ರೀತಿ ನನಗೆ ತುಂಬ ಇಷ್ಟ. ಯಾರಾದರೂ ವಿಷಯ ಬಿಟ್ಟು ಎತ್ತಲೋ ಹೋದರೆ ತಡೆದು ನಿಲ್ಲಿಸಿ ಮೂಲಕ್ಕೆ ಎಳೆದು ತರುತ್ತಿದ್ದರು. ಪಾಡ್‌ಕಾಸ್ಟಿನಲ್ಲಿ ರೇಡಿಯೋ ಪ್ರಸಾರ ಮುಗಿದ ಮೇಲೂ ಕೆಲವು ನಿಮಿಷ ಮಾತು ಮುಂದುವರಿಯುತ್ತದೆ. ಹೇಳಲು ಆಗದೆ ಉಳಿದದ್ದೇನು ಎಂದು ಕೇಳಿದಾಗ ಆ ಮೂವರೂ ಒಮ್ಮೆಲೇ ಸಡಿಲಗೊಂಡು, ನಿಜವಾಗಿ ತಮಗೆ ಪ್ರಿಯವಾದದ್ದನ್ನು ಹೇಳುತ್ತಾರೆ. ಕೊನೆಗೆ ನಿರ್ಮಾಪಕರು ಒಳಗೆ ಬಂದು ಚಹಾ ಬೇಕೋ ಕಾಫಿ ಬೇಕೋ ಎಂದು ವಿಚಾರಿಸುತ್ತಾರೆ. ಅದು ಕೇಳಿಸಿದಾಗಲೆಲ್ಲ ತೊಕ್ಕೊಟ್ಟಿನ ಇಕ್ಕಟ್ಟಿನಲ್ಲಿ ನಿಂತ ಬಸ್ಸಿನಲ್ಲಿ ನನಗೂ ಒಂದು ಲೋಟ ಚಹಾ ಸಿಕ್ಕಿದಷ್ಟು ಹಿತವಾಗುತ್ತದೆ.

ಮಲಯಾಳದಲ್ಲಿ ಎಸ್. ಗೋಪಾಲಕೃಷ್ಣನ್ ಅವರ ‘ದಿಲ್ಲಿ ದಾಲಿ’ ಕೇಳುತ್ತೇನೆ. ಸಂಗೀತ, ಸಾಹಿತ್ಯ, ರಾಜಕಾರಣ, ಅಗಲಿದವರ ನೆನಪು, ಎಲ್ಲವೂ ಅದರಲ್ಲಿ ಬರುತ್ತವೆ. ನನ್ನ ಮಲಯಾಳ ಅಂಗಡಿ ಮತ್ತು ಪಂಚಾಯತು ಕಚೇರಿಯ ಮಲಯಾಳ. ಕನ್ನಡ ಮಾಧ್ಯಮದಲ್ಲಿ ಓದಿದವಳಾದ್ದರಿಂದ ಅಕ್ಷರ ಕೂಡಿಸಿ ಓದಬಲ್ಲೆನೇ ಹೊರತು ಆ ಭಾಷೆಯ ಸೊಗಸು ನನಗೆ ಸಿಕ್ಕಿರಲಿಲ್ಲ. ಅರ್ಜಿಯ ಭಾಷೆಯಾಗಿ ಮಾತ್ರ ಕಂಡಿದ್ದ ಮಲಯಾಳವನ್ನು ಒಬ್ಬ ಮನುಷ್ಯ ಸಾವಧಾನವಾಗಿ, ಆಪ್ತವಾಗಿ ಆಡುವುದನ್ನು ಕೇಳಿದಾಗ ಅದರ ಮೇಲೆ ನನಗಿದ್ದ ಹಳೆಯ ಬಿಗುವು ಕರಗಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನೋವನ್ನು ಕೇಳುತ್ತಲೇ ಬೆಳೆದ ಮನೆ ನಮ್ಮದು. ಆ ನೋವು ನಿಜ, ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ ವರದಿ ಕಡತದಲ್ಲೇ ಉಳಿದದ್ದೂ ನಿಜ. ಆದರೆ ಒಂದು ಭಾಷೆಗೆ ಆಡಳಿತದ ಮುಖವಲ್ಲದೆ ಮನೆಯ ಮುಖವೂ ಇರುತ್ತದೆಂದು ನನಗೆ ತೋರಿಸಿದ್ದು ಕಿವಿ.

ಕನ್ನಡದಲ್ಲಿ ‘ತಲೆ ಹರಟೆ’ಯನ್ನು ಮರೆಯುವಂತಿಲ್ಲ. ಪವನ್ ಶ್ರೀನಾಥ್ ಮತ್ತು ಗಣೇಶ್ ಚಕ್ರವರ್ತಿ ಆರಂಭದಿಂದ ನಡೆಸಿಕೊಂಡು ಬಂದ ಈ ಪಾಡ್‌ಕಾಸ್ಟಿನಲ್ಲಿ ಇತಿಹಾಸ, ವಿಜ್ಞಾನ, ಅರ್ಥವ್ಯವಸ್ಥೆ, ಊಟ, ಊರು ಎಲ್ಲವನ್ನೂ ಕನ್ನಡದಲ್ಲಿ ಕುಳಿತು ಮಾತಾಡುತ್ತಾರೆ. ಕತೆ, ಕವಿತೆ, ಭಕ್ತಿ, ರಾಜಕೀಯಕ್ಕೆ ಮಾತ್ರ ಕನ್ನಡ, ಉಳಿದದ್ದಕ್ಕೆಲ್ಲ ಇಂಗ್ಲಿಷ್ ಎಂಬ ಅಭ್ಯಾಸವನ್ನು ಅದು ಸದ್ದಿಲ್ಲದೆ ಮುರಿಯಿತು. ಅವರ ಬೆಂಗಳೂರು ಕನ್ನಡದಲ್ಲಿ ಇಂಗ್ಲಿಷ್ ಧಾರಾಳವಾಗಿ ಬೆರೆತಿದೆ. ಮೊದಲು ನನಗೆ ಅದು ಕಿರಿಕಿರಿಯಾಗಿತ್ತು. ಈಗ ಇಲ್ಲ, ಅವರು ಆಡುವ ಭಾಷೆಯನ್ನೇ ಆಡುತ್ತಿದ್ದಾರೆ. ನಾವು ಆಡುವ ಕನ್ನಡವೂ ಹಾಗೆ ಎಲ್ಲಾದರೂ ಕೇಳಿಸಲಿ ಎಂಬ ಆಸೆ ಮಾತ್ರ ಉಳಿದಿದೆ.

ನಮ್ಮ ಕಡೆಯ ಕನ್ನಡ ಪುಸ್ತಕ ಓದಿದ ಹಾಗೆ ಇದೆ ಎಂದು ಘಟ್ಟದ ಮೇಲಿನವರು ಹೇಳುವುದುಂಟು. ಅದಕ್ಕೆ ಕಾರಣವಿದೆ. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಮನೆಮಾತು ಬೇರೆ. ನಮ್ಮದು ತುಳು, ಪಕ್ಕದ ಮನೆಯವರದು ಹವ್ಯಕ, ಆಚೆಯವರದು ಮರಾಠಿ. ಕನ್ನಡ ನಮಗೆ ಬಂದದ್ದು ಶಾಲೆಯಿಂದ, ಮತ್ತು ಶಾಲೆಗಿಂತ ಮೊದಲು ಯಕ್ಷಗಾನದಿಂದ. ನನ್ನ ಅಜ್ಜಿಗೆ ಕನ್ನಡ ಅಕ್ಷರ ತಿಳಿದಿರಲಿಲ್ಲ, ಆದರೆ ರಾವಣನ ದರ್ಬಾರಿನಲ್ಲಿ ನಿಂತು ಆಡಬಹುದಾದ ಕನ್ನಡ ಅವರಿಗೆ ಗೊತ್ತಿತ್ತು.

ಇಲ್ಲಿಗೆ ಬಂದ ಮೇಲೆ ತಾಳಮದ್ದಳೆಯ ಮಾತು ಹೇಳದೆ ಮುಂದೆ ಹೋಗಲಾರೆ. ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಜೊತೆಗಿರುತ್ತವೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ತಮ್ಮ ಮಾತಿನಲ್ಲಿ ಅಲ್ಲೇ ಕಟ್ಟುತ್ತಾರೆ. ಬರೆದುಕೊಂಡ ಸಂಭಾಷಣೆಯಿಲ್ಲ. ಎದುರಿನವರು ಏನು ಕೇಳುತ್ತಾರೆಂದು ಮೊದಲೇ ತಿಳಿದಿರುವುದಿಲ್ಲ. ಮಾತಿನ ನಡುವೆ ಇಂಗ್ಲಿಷ್ ಪದ ನುಸುಳಿದರೆ ಸಭೆಗೆ ಕೂಡಲೇ ತಿಳಿಯುತ್ತದೆ. ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಭಜನಾ ಮಂದಿರಗಳಲ್ಲಿ, ಮನೆಯ ಚಾವಡಿಗಳಲ್ಲಿ ಇದು ಗಂಟೆಗಟ್ಟಲೆ ನಡೆಯುತ್ತದೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಶೇಣಿ ಎಂಬ ಊರು ನಮ್ಮ ಜಿಲ್ಲೆಯಲ್ಲೇ ಇದೆ. ಆ ಹೆಸರನ್ನು ಹೊತ್ತ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಮಾಗಧರನ್ನು ಕ್ಯಾಸೆಟ್ಟುಗಳಲ್ಲಿ ಕೇಳಿ ಬೆಳೆದವರು ನಾವು. 2006ರಲ್ಲಿ ಅವರು ತೀರಿಕೊಂಡಾಗ ನಮ್ಮ ಮಾವ ಎರಡು ದಿನ ಅಂಗಡಿ ತೆರೆಯಲಿಲ್ಲ.

ಅಮಿತ್ ವರ್ಮಾ ಅವರ ‘ದಿ ಸೀನ್ ಆ್ಯಂಡ್ ದಿ ಅನ್‌ಸೀನ್’ ಎಂಬ ಇಂಗ್ಲಿಷ್ ಪಾಡ್‌ಕಾಸ್ಟಿನಲ್ಲಿ ಒಬ್ಬ ಅತಿಥಿಯ ಜೊತೆ ಐದಾರು ಗಂಟೆ ಮಾತು ನಡೆಯುವುದುಂಟು. ಇಷ್ಟು ಉದ್ದದ್ದನ್ನು ಯಾರು ಕೇಳುತ್ತಾರೆ ಎಂದು ಕಚೇರಿಯಲ್ಲಿ ಒಬ್ಬರು ಬೆರಗಾದರು. ಇಡೀ ರಾತ್ರಿ ಕುಳಿತು ಕೃಷ್ಣಸಂಧಾನ ಕೇಳಿದವರ ಮೊಮ್ಮಗಳಿಗೆ ಅದರಲ್ಲಿ ಬೆರಗೇನೂ ಇಲ್ಲ. ನಾನು ಅದನ್ನು ಮೂರು ದಿನಗಳ ಪ್ರಯಾಣಕ್ಕೆ ಹಂಚಿಕೊಳ್ಳುತ್ತೇನೆ. ಉದ್ದದ ಮಾತಿನಲ್ಲಿ ಎರಡನೆಯ ಗಂಟೆಯ ನಂತರ ಸಿದ್ಧಪಡಿಸಿಕೊಂಡು ಬಂದ ಉತ್ತರಗಳು ಮುಗಿದುಹೋಗುತ್ತವೆ. ಅತಿಥಿ ತನ್ನ ಬಾಲ್ಯದ ಕೋಣೆಯ ಬಗ್ಗೆಯೋ ತಪ್ಪಿಹೋದ ಗೆಳೆತನದ ಬಗ್ಗೆಯೋ ಯೋಚಿಸಿ ಯೋಚಿಸಿ ಹೇಳತೊಡಗುತ್ತಾರೆ. ಯೋಚಿಸುವ ಆ ಮೌನ ನನಗೆ ಬೇಕು. ಆದ್ದರಿಂದಲೇ ಯಾವ ಪಾಡ್‌ಕಾಸ್ಟನ್ನೂ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳುವುದಿಲ್ಲ. ವೇಗ ಹೆಚ್ಚಿಸಿದರೆ ಮೊದಲು ನಾಶವಾಗುವುದು ಮಾತಲ್ಲ, ಮಾತುಗಳ ನಡುವಿನ ಬಿಡುವು.

ಒಮ್ಮೆ ಸಂವಿಧಾನದ ಬಗೆಗಿನ ಇಂಗ್ಲಿಷ್ ಪಾಡ್‌ಕಾಸ್ಟ್ ಒಂದರಲ್ಲಿ ‘ಕೇಶವಾನಂದ’ ಎಂಬ ಹೆಸರು ಮತ್ತೆ ಮತ್ತೆ ಬಂತು. ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ, 68 ದಿನಗಳ ವಾದ, 1973ರ ಏಪ್ರಿಲ್ 24ರ ತೀರ್ಪು, ಏಳಕ್ಕೆ ಆರರ ಬಹುಮತ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ನಿರ್ಣಯ. ಎಲ್ಲವನ್ನೂ ಚೆನ್ನಾಗಿ ವಿವರಿಸಿದರು. ಆದರೆ ಅವರ ಬಾಯಲ್ಲಿ ಕೇಶವಾನಂದ ಎಂಬುದು ಒಂದು ಮೊಕದ್ದಮೆಯ ಹೆಸರು ಮಾತ್ರ. ನನಗೆ ಅದು ನಮ್ಮ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಕೇರಳದ ಭೂಸುಧಾರಣೆಯಲ್ಲಿ ಮಠದ ಭೂಮಿ ಹೋಗುವುದನ್ನು ಪ್ರಶ್ನಿಸಿ ಅವರು ನ್ಯಾಯಾಲಯಕ್ಕೆ ಹೋದದ್ದು, ತೀರ್ಪು ದೇಶದ ಚರಿತ್ರೆಯನ್ನೇ ಬದಲಿಸಿದರೂ ಅವರಿಗೆ ಬೇಕಾದದ್ದು ದಕ್ಕದೇ ಹೋದದ್ದು, ಇವೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಅದಕ್ಕೂ ಮೊದಲು, ಮಾವನ ಕೈ ಹಿಡಿದು ಎಡನೀರಿಗೆ ಹೋದಾಗ, ಕಾವಿ ಉಟ್ಟು ಭಾಗವತಿಕೆಗೆ ಕುಳಿತ ಅವರ ಪದ್ಯವನ್ನು ಕೇಳಿದ್ದೆ. ಆ ದಿನ ಬಸ್ಸಿನಲ್ಲಿ ನನಗೆ ಆ ಪಾಡ್‌ಕಾಸ್ಟಿನವರಿಗೆ ಉತ್ತರ ಕೊಡಬೇಕೆನಿಸಿತು. ನಿಮ್ಮ ಮೊಕದ್ದಮೆಗೆ ಒಂದು ಕಂಠ ಇತ್ತು, ಅದು ಹಾಡುತ್ತಿತ್ತು ಎನ್ನಬೇಕೆನಿಸಿತು.

ಒಳ್ಳೆಯ ಪಾಡ್‌ಕಾಸ್ಟ್ ಎಂದರೆ ನನಗೆ ಇಷ್ಟೇ. ಕೇಳುತ್ತಿರುವಾಗ ನನ್ನೊಳಗೆ ಒಂದು ಉತ್ತರ ಹುಟ್ಟಬೇಕು. ಉತ್ತರ ಹುಟ್ಟುವಷ್ಟು ಜಾಗವನ್ನು ಮಾತಾಡುವವರು ಬಿಟ್ಟಿರಬೇಕು. ನಾಲ್ವರು ಸೇರಿ ತಮ್ಮತಮ್ಮಲ್ಲೇ ನಕ್ಕು ಮುಗಿಸುವ ಕಾರ್ಯಕ್ರಮಗಳಲ್ಲಿ ಆ ಜಾಗವಿಲ್ಲ. ಹತ್ತು ಸೂತ್ರಗಳಲ್ಲಿ ಬದುಕನ್ನು ಸರಿಪಡಿಸುವವರಲ್ಲೂ ಇಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ನಾನು ತಿಂಗಳುಗಟ್ಟಲೆ ಮನೆಯಲ್ಲೇ ಉಳಿದಾಗ ಒಂದು ಕಂತನ್ನೂ ಪೂರ್ತಿ ಕೇಳಲಾಗಲಿಲ್ಲ. ಸಮಯವೇನೋ ಇತ್ತು. ಮನಸ್ಸಿನಲ್ಲಿ ಉತ್ತರ ಕಟ್ಟಲು ನನಗೆ ಕಿಟಕಿ ಬೇಕು, ಓಡುವ ತೆಂಗಿನ ಮರಗಳು ಬೇಕು ಎಂದು ತಿಳಿದದ್ದು ಆಗ.

ಈ ಅಭ್ಯಾಸ ನನಗೆ ಹತ್ತಿದ್ದು ಯಾವ ಪಾಡ್‌ಕಾಸ್ಟಿನಿಂದಲೂ ಅಲ್ಲ, ಮಾವನ ಒಂದು ಕ್ಯಾಸೆಟ್ಟಿನಿಂದ.

ಅಮ್ಮನ ಅಣ್ಣ ನೀರ್ಚಾಲಿನಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಹವ್ಯಾಸಿ ಅರ್ಥಧಾರಿ. ಹೊಲಿಗೆ ಯಂತ್ರ ತುಳಿಯುತ್ತಾ ಬಾಯಲ್ಲೇ ವಾದ ಹೂಡುತ್ತಿದ್ದರು. ಯಂತ್ರದ ಸದ್ದು ನಿಂತರೆ ಒಳ್ಳೆಯ ಮಾತು ಹೊಳೆದಿದೆ ಎಂದು ಅರ್ಥ. 1994ರ ಆಟಿ ತಿಂಗಳಲ್ಲಿ ನಮ್ಮ ಹತ್ತಿರದ ಭಜನಾ ಮಂದಿರದಲ್ಲಿ ವಾಲಿಮೋಕ್ಷ ತಾಳಮದ್ದಳೆಯಾಯಿತು. ಮಾವನದು ವಾಲಿ. ರಾಮ ಕನ್ನಡ ಶಾಲೆಯ ಮಾಸ್ಟ್ರು. ಅದನ್ನು ಧ್ವನಿಮುದ್ರಿಸಲು ಮಾವ ಎಲ್ಲಿಂದಲೋ ಟೇಪ್ ರೆಕಾರ್ಡರ್ ತಂದಿದ್ದರು. ಒಂದು ಬದಿಗೆ 45 ನಿಮಿಷದ ಕ್ಯಾಸೆಟ್. ಅದು ಮುಗಿದಾಗ ಟಕ್ ಎಂದು ಗುಂಡಿ ಮೇಲೆ ಏಳುತ್ತದೆ, ಆಗ ತಿರುಗಿಸಿ ಹಾಕಬೇಕು ಎಂದು ಹೇಳಿಕೊಟ್ಟು ಆ ಕೆಲಸವನ್ನು ನನಗೆ ವಹಿಸಿದರು. ನನಗೆ ಹತ್ತು ವರ್ಷ. ಹೊರಗೆ ಧಾರಾಕಾರ ಮಳೆ. ಗುಂಡಿ ಎದ್ದ ಹೊತ್ತಿಗೆ ನಾನು ಚಾಪೆಯ ಮೇಲೆ ನಿದ್ದೆ ಹೋಗಿದ್ದೆ.

ಬಾಣ ತಗಲಿ ಬಿದ್ದ ವಾಲಿ ಮೊದಲ ಬದಿಯ ಕೊನೆಯಲ್ಲಿ ಕೇಳುತ್ತಾನೆ. ನಿನಗೂ ನನಗೂ ಹಗೆಯಿಲ್ಲ. ನಿನ್ನ ಊರಿಗೆ ನಾನು ಕೇಡು ಬಗೆದವನಲ್ಲ. ನಿನ್ನ ಹೆಂಡತಿಯನ್ನು ಕದ್ದ ರಾವಣನನ್ನು ನಾನು ಕಂಕುಳಲ್ಲಿ ಇರುಕಿಕೊಂಡು ಸಮುದ್ರ ಸುತ್ತಿದವನು. ಒಂದು ಮಾತು ಹೇಳಿದ್ದರೆ ಅವನನ್ನು ಕಟ್ಟಿ ತಂದು ನಿನ್ನ ಕಾಲ ಬಳಿ ಕೆಡವುತ್ತಿದ್ದೆ. ಎದುರಿಗೆ ಬಂದು ಮಾತಾಡಬಹುದಾಗಿತ್ತಲ್ಲ, ಮರದ ಮರೆ ಯಾಕೆ ಬೇಕಾಯಿತು? ಮಾವನ ಧ್ವನಿ ಅಲ್ಲಿ ನಡುಗುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವುದು ಕೇಳಿಸುತ್ತದೆ. ಆಮೇಲೆ ಟಕ್. ಎರಡನೆಯ ಬದಿ ತೆರೆಯುವುದು ವಾಲಿಯ ಮರುಮಾತಿನಿಂದ: “ಹಾಗೆಂದು ನೀನು ಹೇಳಿದರೆ ನಾನು ಒಪ್ಪಬೇಕೇ?”

ರಾಮ ಏನು ಹೇಳಿದ ಎಂಬುದು ಇಲ್ಲ.

ಮಾವ ಬೈಯಲಿಲ್ಲ. ರಾಮನ ಉತ್ತರ ಹೋದರೆ ಹೋಗಲಿ, ವಾಲಿಯ ಪ್ರಶ್ನೆ ಉಳಿಯಿತಲ್ಲ ಎಂದರು. 2011ರಲ್ಲಿ ಅವರು ತೀರಿಕೊಂಡರು. ಮಂಗಳೂರಿನ ಸ್ಟುಡಿಯೋ ಒಂದರಲ್ಲಿ ಆ ಕ್ಯಾಸೆಟ್ಟನ್ನು ಮೊಬೈಲಿನಲ್ಲಿ ಕೇಳುವ ಹಾಗೆ ಮಾಡಿಸಿಕೊಂಡೆ. ಫೋನು ಎಷ್ಟು ಬದಲಾದರೂ ಅದು ಮಾತ್ರ ನನ್ನ ಜೊತೆಗೇ ಬಂದಿದೆ. ತಿಂಗಳಿಗೆ ಒಮ್ಮೆಯಾದರೂ ಕೇಳುತ್ತೇನೆ. ಟಕ್ ಎಂದ ಕೂಡಲೇ ನಿಲ್ಲಿಸಿ, ಉಪ್ಪಳದಿಂದ ತಲಪಾಡಿಯವರೆಗೆ ರಾಮನ ಉತ್ತರವನ್ನು ನಾನೇ ಕಟ್ಟುತ್ತೇನೆ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡವನಿಗೆ ಇದೇ ದಂಡನೆ ಎಂದು ಒಮ್ಮೆ. ಈ ಭೂಮಿ ಇಕ್ಷ್ವಾಕುಗಳದು, ಭರತನ ಆಜ್ಞೆಯಂತೆ ಧರ್ಮ ಕಾಯಲು ಬಂದವನು ನಾನು ಎಂದು ಇನ್ನೊಮ್ಮೆ. ಮೃಗವನ್ನು ಮರೆಯಿಂದ ಹೊಡೆಯುವುದು ಬೇಟೆಯ ಕ್ರಮ ಎಂಬ ಉತ್ತರವೂ ರಾಮಾಯಣದಲ್ಲಿದೆ, ಅದು ನನ್ನ ಬಾಯಿಗೆ ಬರುವುದಿಲ್ಲ. ಯಾವ ಉತ್ತರ ಹೇಳಿದರೂ ಮರುಕ್ಷಣವೇ ಮಾವ ಕೇಳುತ್ತಾರೆ, ಹಾಗೆಂದು ನೀನು ಹೇಳಿದರೆ ನಾನು ಒಪ್ಪಬೇಕೇ ಎಂದು.

ಹೆದ್ದಾರಿ ಈಗ ಆರು ಪಥದ್ದು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರಿನಲ್ಲಿ ಬಸ್ಸು ಹಿಂದೆಂದೂ ಇಲ್ಲದ ವೇಗದಲ್ಲಿ ಓಡುತ್ತದೆ. ಊರುಗಳು ಬದಿಗೆ ಸರಿದಿವೆ, ಎತ್ತರದ ಗೋಡೆಗಳ ನಡುವೆ ಉಪ್ಪಳ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಮನೆಗೆ ಬೇಗ ಸೇರುತ್ತೇನೆ, ಅಮ್ಮನಿಗೆ ಅದರಿಂದ ಸಮಾಧಾನ. ನನಗೂ ಸಮಾಧಾನವೇ. ಆದರೆ ಪಂಪ್‌ವೆಲ್‌ಗೆ ಸರಿಯಾಗಿ ಮುಗಿಯುತ್ತಿದ್ದ ಕಂತು ಈಗ ಕಾಲುಭಾಗ ಉಳಿದುಬಿಡುತ್ತದೆ, ಮತ್ತು ಉಪ್ಪಳದಿಂದ ತಲಪಾಡಿಗೆ ರಾಮನಿಗೆ ಸಿಗುವ ಸಮಯ ಅರ್ಧವಾಗಿದೆ.

ಕಳೆದ ತಿಂಗಳು ಸಂಜೆ ಕುಂಬಳೆ ನಿಲ್ದಾಣದಲ್ಲಿ ಮಾಸ್ಟ್ರು ಸಿಕ್ಕಿದರು. ವಯಸ್ಸು ಎಂಬತ್ತು ದಾಟಿದೆ, ನಿವೃತ್ತರಾಗಿ ಬಹಳ ವರ್ಷವಾಯಿತು. ಕೊಡೆ ಊರಿಕೊಂಡು ಬೆಂಚಿನಲ್ಲಿ ಕುಳಿತಿದ್ದರು. ಪರಿಚಯ ಹೇಳಿಕೊಂಡೆ. “ನಮ್ಮ ವಾಲಿಯ ತಂಗಿಯ ಮಗಳಲ್ಲವೋ ನೀನು” ಎಂದರು. ಪಕ್ಕದಲ್ಲಿ ಕುಳಿತು ಕ್ಯಾಸೆಟ್ಟಿನ ಕತೆಯನ್ನೆಲ್ಲ ಹೇಳಿದೆ. ನಿದ್ದೆ ಹೋದದ್ದು, ಗುಂಡಿ ಎದ್ದದ್ದು, ಎರಡನೆಯ ಬದಿ ಎಲ್ಲಿಂದ ತೆರೆಯುತ್ತದೆ ಎಂಬುದು, ಎಲ್ಲವನ್ನೂ.

“ಆ ದಿನ ನೀವು ಏನು ಉತ್ತರ ಕೊಟ್ಟಿರಿ ಮಾಸ್ಟ್ರೇ?”

ಅವರು ತುಂಬ ಹೊತ್ತು ಯೋಚಿಸಿದರು. “ನೆನಪಿಲ್ಲ ಮಗಳೇ. ಅವನು ಕೇಳಿದ್ದಕ್ಕೆ ಆಗ ಏನು ಹೊಳೆಯಿತೋ ಅದನ್ನು ಹೇಳಿದ್ದೇನೆ. ಈಗ ಕೇಳಿದರೆ ಬೇರೆಯೇ ಹೇಳಿಯೇನು.” ಮತ್ತೆ ಸ್ವಲ್ಪ ಬಿಟ್ಟು, “ನೀನು ಇಷ್ಟು ವರ್ಷ ಕೇಳಿದವಳಲ್ಲವೋ, ನೀನೇ ಹೇಳು. ನಾನು ವಾಲಿಯಾಗುತ್ತೇನೆ” ಎಂದರು.

ಈಗ ನಮ್ಮ ಕಡೆ ಮಹಿಳೆಯರ ತಾಳಮದ್ದಳೆ ತಂಡಗಳು ಬೇಕಾದಷ್ಟಿವೆ. ಆದರೆ ನಾನು ಜನರ ಎದುರು ಒಂದು ಪದ್ಯಕ್ಕೂ ಅರ್ಥ ಹೇಳಿದವಳಲ್ಲ. ಸುತ್ತ ಬಸ್ಸುಗಳ ಸದ್ದು, ಕಾಸರಗೋಡು ಕಾಸರಗೋಡು ಎಂದು ಕೂಗುವ ಕಂಡಕ್ಟರು. ಇಯರ್‌ಫೋನನ್ನು ಚೀಲದೊಳಗೆ ಹಾಕಿ ಹೇಳತೊಡಗಿದೆ.

“ವಾಲಿ, ಎದುರು ಬಂದು ಮಾತಾಡಬಹುದಾಗಿತ್ತಲ್ಲ ಎಂದು ಕೇಳಿದೆ. ನಿನ್ನ ತಮ್ಮ ಎದುರು ಬಂದು ಮಾತಾಡಿದ. ಗುಹೆಯ ಬಾಯಿಗೆ ಬಂಡೆ ಮುಚ್ಚಿದ್ದು ನೀನು ಸತ್ತೆಯೆಂದು ತಿಳಿದು ಎಂದು ಕಾಲು ಹಿಡಿದು ಹೇಳಿದ. ನೀನು ಕೇಳಿದೆಯಾ? ಇಂದು ನೀನು ಹೊರಡುವಾಗ ತಾರೆ ಅಡ್ಡ ನಿಂತು ಹೇಳಿದಳು. ಅವಳ ಮಾತನ್ನಾದರೂ ಕೇಳಿದೆಯಾ? ಮನೆಯವರ ಮಾತಿಗೆ ಕಿವಿ ಇಲ್ಲದವನ ಎದುರು ಬಂದು ನಾನು ಯಾವ ಮಾತು ಆಡಬೇಕಾಗಿತ್ತು?”

ಮಾಸ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕೊಡೆಯ ಹಿಡಿಯ ಮೇಲೆ ಬೆರಳುಗಳು ತಾಳ ಹಾಕುತ್ತಿದ್ದವು. ನಾನು ನಿಲ್ಲಿಸಿದ ಮೇಲೆ ಕಣ್ಣು ತೆರೆದು, ಬೆನ್ನು ನೇರ ಮಾಡಿಕೊಂಡು, ಮಾವನ ಧ್ವನಿಯ ಏರಿನಲ್ಲೇ ಕೇಳಿದರು: “ಹಾಗೆಂದು ನೀನು ಹೇಳಿದರೆ ನಾನು ಒಪ್ಪಬೇಕೇ?”

ಸೀತಾಂಗೋಳಿಯ ಬಸ್ಸು ಬಂದು ನಿಂತಿತು. ಅರ್ಧ ಗಂಟೆ ಬಿಟ್ಟರೆ ಇನ್ನೊಂದಿದೆ ಎಂದು ನನಗೆ ಗೊತ್ತಿತ್ತು. ನಾನು ಏಳಲಿಲ್ಲ.